ತಿಕೋಟಾದ ಮೂಕ ಕರೆ

ಸ್ಟೇಷನ್ ರಸ್ತೆಯ ನನ್ನ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಇಂಟರ್‌ನೆಟ್ ಫೋನು ಬಂದದ್ದೇ ಬಂದದ್ದು, ತಲೆಬೇನೆ ಶುರುವಾಯಿತು. ಗಿರಾಕಿಗಳ ಮಾತು ಚೊಕ್ಕ ಕೇಳುತ್ತದೆ. ಆದರೆ ದಿನಕ್ಕೊಂದು ಕರೆ ಮಾತ್ರ ಮೂಕ. ಎತ್ತಿದರೆ ಆ ಕಡೆ ಉಸಿರೂ ಇಲ್ಲ.

ಇದು ಸಂಗನಬಸವನದೇ ಕಿತಾಪತಿ! ಅವನು ನನ್ನ ತಮ್ಮ. ಪಾಲಾಗಿ ತಿಕೋಟಾದಲ್ಲಿ ಬೇರೆ ಅಂಗಡಿ ಹಾಕಿದ ದಿನವೇ ಅವನ ಮನೆಯವರ ನಂಬರುಗಳನ್ನೆಲ್ಲ ನನ್ನ ಮೊಬೈಲಿನಲ್ಲಿ ಬ್ಲಾಕ್ ಮಾಡಿದ್ದೆ. ಈಗ ಅವನ ಮಗಳು ಸೌಭಾಗ್ಯಳಿಗೆ ಗಂಡು ಗೊತ್ತಾಗುತ್ತಿದೆಯಂತೆ. ನನ್ನ ಹೆಗಲ ಮೇಲೆ ಆಡಿ ಬೆಳೆದ ಹುಡುಗಿ! ಹಿರಿಯನಿಗೆ ಮೊದಲು ಹೇಳಬೇಕೋ ಬೇಡವೋ? ಅದು ಬಿಟ್ಟು ಹೀಗೆ ಕಾಡುತ್ತಾನೆ, ಹಲ್ಕಟ್! ಇಷ್ಟು ದಿನ ಹಲೋ ಹಲೋ ಎಂದು ಇಟ್ಟುಬಿಡುತ್ತಿದ್ದೆ. ನಿನ್ನೆ ತಡೆಯಲಾಗಲಿಲ್ಲ.

"ಲೇ ಸಂಗ್ಯಾ, ನಿಮ್ಮ ಮನಿ ಹುಡುಗೀನ ತಂದುಕೊಂಡಾವರು ಹಾಳಾಗಿ ಹೋಗ್ತಾರ!" ಎಂದು ಒದರಿದೆ.

ಇಂದು ಫೋನ್ ಕಂಪನಿಯ ನದೀಮ ಬಂದ. ತಿಕೋಟಾದ ಅಂಗಡಿಗೂ ಫೋನು ಜೋಡಿಸಿದವನು ಇವನೇ.

"ನೀನೂ ಅವನ ಕೂಡ ಶಾಮೀಲೇನು?" ಎಂದೆ.

"ಯಪ್ಪಾ, ಸುಮ್ಮ ಕುಂಡ್ರಿ ಶಿವಯೋಗೆಪ್ಪ ಕಾಕಾ," ಎನ್ನುತ್ತ ಕರೆಗಳ ಪಟ್ಟಿ ತೆಗೆದ. ಮೂಕ ಕರೆಗಳೆಲ್ಲ ತಿಕೋಟಾದವೇ.

"ನೋಡು! ನಾ ಹೇಳಿಲ್ಲ?" ಮೇಜು ಗುದ್ದಿದೆ.

"ತಡೀರಿ. ಅವರದೂ ನಮ್ಮ ಕಂಪನಿ ಫೋನ. ಅಲ್ಲಿಂದ ಬರೂ ಕರೆ ಹೊರಗಿನ ಲೈನಿಗೆ ಹೋಗೂದಿಲ್ಲ, ನೆಟ್ಟಿನೊಳಗ ಸೀದಾ ಬರ್ತೈತಿ. ರಿಂಗ್ ಒಂದು ದಾರಿ, ಮಾತು ಇನ್ನೊಂದು ದಾರಿ. ಅವರ ಮಾತು ಬರೂ ಬಾಗಲಾ ನಿಮ್ಮ ರೌಟರ್ ಹಾಕೇತಿ. ಹೋಗೂ ಬಾಗಲಾ ತೆರದೈತಿ."

"ಅಂದ್ರ?"

"ಅವರದು ನಿಮಗ ಕೇಳ್ಸಿಲ್ಲರಿ. ನಿಮ್ಮದು ಅವರಿಗೆ ಎಲ್ಲಾ ಕೇಳ್ಸೇತಿ."

ನಿನ್ನೆ ಒದರಿದ್ದು ನೆನಪಾಯಿತು. ನದೀಮ ರೌಟರ್ ಸರಿಮಾಡಿ, ಒಮ್ಮೆ ಫೋನು ಮಾಡಿ ನೋಡಲು ತಿಕೋಟಾದವರಿಗೆ ಹೇಳಿದ. ರಿಂಗಾಯಿತು.

"ದೊಡ್ಡಪ್ಪಾ, ನಾ ಸೌಭಾಗ್ಯ. ದಿನಾ ನಾನ ಮಾಡಾಕತ್ತಿದ್ದೆ. ದೊಡ್ಡಪ್ಪ ಬರೂತನಕ ನಿಶ್ಚಯದ ಕುಂಕುಮ ಹಚ್ಚಿಸ್ಕೊಳ್ಳಾಂಗಿಲ್ಲ ಅಂದಿದ್ದೆ. ನಿನ್ನೆ ಗಂಡಿನವರು ಅಂಗಡಿಗೆ ಬಂದು, ಹಿರ್ಯಾರನ್ನ ನಾವ ಕರೀತೇವಿ ಅಂದ್ರು. ಫೋನ ಮಾಡಿ ಸ್ಪೀಕರ್ ಹಚ್ಚಿದೆ."

"ಯವ್ವಾ, ನಾ ಒದರಿದ್ದು..."

"ಎಲ್ಲಾರೂ ಕೇಳ್ಯಾರ. ಎದ್ದು ಹೋದ್ರು."

ಥೂ ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಕಣ್ಣಲ್ಲಿ ನೀರು ಬಂತು.

"ಯಾವ ಊರವ್ವಾ ಅವರದು?"

"ಅರಕೇರಿ."

"ಫೋನ ಇಡು, ನಾ ಹೊಂಟೆ. ಅವರ ಕಟ್ಟಿ ಮ್ಯಾಲ ಕುಂತು, ಅವರು ಬೈದಷ್ಟೂ ಬೈಸ್ಕೊಂಡ ಕರ್ಕೊಂಡು ಬರ್ತೇನಿ."