ಬೀಸದ ಬ್ಯಾಟು

ರಾತ್ರಿ ಹನ್ನೆರಡರ ಹೊತ್ತಿಗೆ ಹಾಲ್‌ನಿಂದ ‘ಟಪ್’ ಎಂದು ಸದ್ದು ಬಂತು. ಸ್ವಲ್ಪ ತಡೆದು ಮತ್ತೆ ‘ಟಪ್’. ಎದ್ದು ಹೋಗಿ ನೋಡಿದರೆ, ನನ್ನ ಗಂಡ ಶ್ರೀಕಂಠ ದೀಪ ಹಾಕದೆ ಸೋಫಾದ ಮೇಲೆ ಕುಳಿತು ಬೇಸ್‌ಬಾಲ್ ಚೆಂಡನ್ನು ಎಡಗೈಯ ಗ್ಲೌಸಿಗೆ ಎಸೆದುಕೊಳ್ಳುತ್ತಿದ್ದರು.

“ಕತ್ತಲಲ್ಲಿ ಮುಖಕ್ಕೆ ಬಿದ್ರೆ?”

“ಒಂದಡಿ ದೂರದಿಂದ ಎಸೀತಿದೀನಿ ಕಣೇ. ನಿದ್ದೆ ಬರ್ತಿಲ್ಲ.”

“ನಾಳೆ ನೀವು ಆಡಲ್ಲ ತಾನೆ?”

“ಸ್ಕೋರ್ ಬರೆಯೋಕೆ ಹೋಗ್ತಿರೋದು. ನೂರು ಸಲ ಹೇಳಿದೀನಿ.”

ನೂರು ಸಲ ಕೇಳಲು ಕಾರಣವಿತ್ತು. ಐದು ತಿಂಗಳ ಹಿಂದೆ ಹಲ್ಲುಜ್ಜುತ್ತಾ ಅವರು “ಕಣ್ಣ ಮುಂದೆ ಸೊಳ್ಳೆ ಹಾರ್ತಿದೆ” ಎಂದರು. ಮನೆಯಲ್ಲಿ ಸೊಳ್ಳೆ ಇರಲಿಲ್ಲ. ಬಲಗಣ್ಣಿನ ರೆಟಿನಾ ಹರಿದಿತ್ತು. ಎಡಗಣ್ಣು ಚಿಕ್ಕಂದಿನಿಂದಲೇ ಮಂದ, ಹಾಗಾಗಿ ಅವರ ನೋಟವೆಲ್ಲ ಆ ಬಲಗಣ್ಣಿನದೇ. ಲೇಸರ್ ಮಾಡಿದ ಡಾಕ್ಟರ್, ಮೂರು ತಿಂಗಳು ಕಳೆದ ಮೇಲೆ ರಕ್ಷಣೆಯ ಕನ್ನಡಕ ಹಾಕಿಕೊಂಡು ಆಡಬಹುದು ಎಂದರು. ಕಣ್ಣಿಗೆ ಪೆಟ್ಟು ಮಾತ್ರ ಬೀಳಬಾರದು ಎಂದೂ ಹೇಳಿದರು. ಶ್ರೀಕಂಠರಿಗೆ ಮೊದಲ ಮಾತು ಕೇಳಿಸಿತು, ನನಗೆ ಎರಡನೆಯದು.

ನಾವು ಬಂದು ನೆಲೆಸಿದ ಈ ಪರದೇಶದಲ್ಲಿ, ಆಂಗ್ ಮೋ ಕಿಯೋ ಬಡಾವಣೆಯ ಅವರ ಆಫೀಸಿನವರು ಕಟ್ಟಿಕೊಂಡ ಬೇಸ್‌ಬಾಲ್ ತಂಡ ಅದು. ಹೆಸರು ಓಟರ್ಸ್. ನಾಯಕ ಡೆಸ್ಮಂಡ್. ಕ್ರಿಕೆಟ್ ಆಡಿ ಬೆಳೆದವರು ತಂಡದಲ್ಲಿ ಇವರೊಬ್ಬರೇ. ಫೈನಲ್ ಎಂದರೆ ಮೂರು ಪಂದ್ಯಗಳ ಸರಣಿ. ಎರಡು ಮುಗಿದು ಎರಡೂ ತಂಡಗಳು ಒಂದೊಂದು ಗೆದ್ದಿದ್ದವು.

ಮರುದಿನ ಭಾನುವಾರ, ಮೂರನೇ ಪಂದ್ಯಕ್ಕೆ ಯಿಶುನ್‌ನ ಮೈದಾನಕ್ಕೆ ನಾನೂ ಮಗಳು ಅದ್ವಿಕಾಳೂ ಜೊತೆಗೆ ಹೋದೆವು. ಉತ್ತರದಲ್ಲಿ ಮೋಡ ಕಪ್ಪಾಗಿತ್ತು. ಸಿಡಿಲಿನ ಎಚ್ಚರಿಕೆಯ ಸೈರನ್ ಕೂಗಿ ಪಂದ್ಯ ನಿಂತೇ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇವರು ಸ್ಕೋರ್ ಹಾಳೆ ಹಿಡಿದು ಕುಳಿತಿದ್ದರು, ಆದರೂ ತಂಡದ ಅಂಗಿ ತೊಟ್ಟಿದ್ದರು. ಅದನ್ನು ಆಗಲೇ ಗಮನಿಸಿದ್ದೆ.

ಕೊನೆಯ ಇನಿಂಗ್ಸ್‌ನಲ್ಲಿ ಸ್ಕೋರ್ ನಾಲ್ಕು–ನಾಲ್ಕು. ಎದುರಾಳಿಗಳ ಸರದಿ ಮುಗಿದಿತ್ತು, ಗೆಲ್ಲಲು ಓಟರ್ಸ್‌ಗೆ ಒಂದೇ ರನ್ ಸಾಕಿತ್ತು. ಓಟರ್ಸ್‌ನ ಇಬ್ಬರು ಔಟ್, ಮೂರೂ ಬೇಸ್‌ಗಳಲ್ಲಿ ಅವರ ಓಟಗಾರರು. ಮುಂದೆ ಬ್ಯಾಟ್ ಹಿಡಿಯಬೇಕಾದ ಹುಡುಗ ಅದಕ್ಕೆ ಮುಂಚೆ ಫೀಲ್ಡಿಂಗ್ ಮಾಡುವಾಗ ಕ್ಯಾಚ್‌ಗೆ ಓಡಿ ಕಾಲು ಉಳುಕಿಸಿಕೊಂಡಿದ್ದ. ತಂಡದಲ್ಲಿ ಬೇರೆ ಆಟಗಾರರು ಉಳಿದಿರಲಿಲ್ಲ, ಅವನ ಬದಲಿಗೆ ಯಾರೂ ಬಾರದಿದ್ದರೆ ಪಂದ್ಯ ಎದುರಾಳಿಗೆ. ಡೆಸ್ಮಂಡ್ ಇವರನ್ನು ಕೇಳಲಿಲ್ಲ, ನೇರ ನನ್ನ ಮುಂದೆ ಬಂದು ನಿಂತ.

“ಸಿಸ್ಟರ್, ಕ್ಯಾನ್ ಆರ್ ನಾಟ್?”

ಶ್ರೀಕಂಠ ನನ್ನತ್ತ ನೋಡಲಿಲ್ಲ. ಪೆನ್ನಿನ ಕ್ಯಾಪ್ ತೆಗೆಯುವುದು, ಹಾಕುವುದು. ಬೇಡ ಎಂದರೆ ಇವರು ಎದುರು ಮಾತಾಡುವುದಿಲ್ಲ, ಆದರೆ ಇನ್ನು ಮೇಲೆ ಯಾವುದಕ್ಕೂ ಏಳುವುದಿಲ್ಲ ಎನ್ನಿಸಿತು.

“ಹೋಗಿ,” ಎಂದೆ. “ಆದ್ರೆ ಬ್ಯಾಟ್ ಬೀಸಬೇಡಿ. ಬಾಲ್ ಹತ್ರ ಬಂದ್ರೆ ಹಿಂದೆ ಸರೀರಿ.”

“ಬೀಸದೆ ಅಲ್ಲಿ ಏನ್ ಮಾಡ್ಲಿ?”

“ಮೈಸೂರಲ್ಲಿ ಏನ್ ಮಾಡ್ತಿದ್ರೋ ಅದೇ.”

“ಅಪ್ಪ ಮೈಸೂರಲ್ಲಿ ಏನ್ ಮಾಡ್ತಿದ್ರು?” ಎಂದಳು ಅದ್ವಿಕಾ.

“ಏನೂ ಮಾಡ್ತಿರ್ಲಿಲ್ಲ.”

ನಿಜವೇ. ಕಾಲೇಜು ತಂಡದ ಓಪನರ್ ಆಗಿದ್ದಾಗ ಇವರ ಹೆಸರಿದ್ದದ್ದು ಬಾಲ್ ಬಿಡುವುದಕ್ಕೆ. ಊಟದ ಹೊತ್ತಿನವರೆಗೆ ನಿಂತು ಹನ್ನೊಂದು ರನ್ ಮಾಡಿ ಚಪ್ಪಾಳೆ ಗಿಟ್ಟಿಸಿದ್ದರು. ಬೇಸ್‌ಬಾಲ್‌ನಲ್ಲಿ ಎಸೆತ ಬ್ಯಾಟ್ ಹಿಡಿದವನ ಮುಂದಿನ ನಿಗದಿತ ಚೌಕದೊಳಗೆ ಮೂರು ಸಲ ಬಂದರೆ ನಿಂತವನು ಔಟ್. ಹೊರಗೆ ನಾಲ್ಕು ಸಲ ಹೋಗಿ ಅವನು ಬೀಸದಿದ್ದರೆ ಮೊದಲ ಬೇಸ್‌ಗೆ ಸುಮ್ಮನೆ ನಡೆದು ಹೋಗಬಹುದು. ಮೂರೂ ಬೇಸ್ ತುಂಬಿದ್ದರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಹೋಗಿ ಒಂದು ರನ್ ಬರುತ್ತದೆ. ಇಷ್ಟನ್ನು ಅದ್ವಿಕಾ ನನಗೆ ಬಾಯಿಪಾಠ ಮಾಡಿಸಿದ್ದಳು.

ಮೊದಲ ಬೇಸ್ ಕಡೆಯ ಬೆಂಚಿನಿಂದ ಬ್ಯಾಟ್ ಹಿಡಿದವರ ಮುಖ ಕಾಣುತ್ತದೆ. ಫೋನ್ ಎತ್ತಿ, ಜೂಮ್ ಮಾಡಿ, ವಿಡಿಯೋ ಒತ್ತಿದೆ. ಎಸೆತ ನೋಡುವ ಧೈರ್ಯ ನನಗಿರಲಿಲ್ಲ. ಅವರ ಮುಖವಷ್ಟೇ ನನಗೆ ಬೇಕಿತ್ತು.

ಮೊದಲೆರಡು ಹೊರಗೆ. ಇವರು ಬಿಟ್ಟರು. ಆಮೇಲೆ ಎರಡು ನಟ್ಟನಡುವೆ ಬಂದವು. ಅವನ್ನೂ ಬಿಟ್ಟರು. ಎದುರು ತಂಡದವನೊಬ್ಬ, ಅಂಕಲ್ ಬಸ್ಸಿಗೆ ಕಾಯ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೂಗಿದ. ಎಲ್ಲರೂ ನಕ್ಕರು.

ಐದನೆಯದು ನೇರ ಮುಖಕ್ಕೇ ಬಂತು. ಇವರು ಹಿಂದಕ್ಕೆ ಬಾಗಿ, ತಡವರಿಸಿ, ಮಣ್ಣಿನಲ್ಲಿ ಕೂತುಬಿಟ್ಟರು. ನಾನು ಎದ್ದು ಎರಡು ಹೆಜ್ಜೆ ಓಡಿದ್ದೆ. ಅದ್ವಿಕಾ ನನ್ನ ಚೂಡಿದಾರ ಹಿಡಿದೆಳೆದಳು. “ಅಮ್ಮಾ, ತಾಗಿಲ್ಲ ಲಾ! ಕೂತ್ಕೋ!” ಎಂದಳು, ಇಲ್ಲಿಯವರಂತೆ ‘ಲಾ’ ಸೇರಿಸಿ. ಅವರು ಎದ್ದು, ಕನ್ನಡಕ ಒರೆಸಿಕೊಂಡು ಮತ್ತೆ ನಿಂತರು.

ಮೂರು ಹೊರಗೆ, ಎರಡು ಒಳಗೆ. ಉಳಿದದ್ದು ಒಂದೇ. ಫೋನನ್ನು ಮತ್ತೆ ಅವರತ್ತ ಹಿಡಿದು ನಾನು ಮಾತ್ರ ನೆಲ ನೋಡಿದೆ.

ಚೆಂಡು ಹಿಂದಿನವನ ಗ್ಲೌಸಿಗೆ ಬಿತ್ತು. ಅಂಪೈರ್ “ಬಾಲ್” ಎಂದ, ಅಂದರೆ ಹೊರಗೆ. ಓಟರ್ಸ್‌ನವರೆಲ್ಲ ಹಾರಿ ಎದ್ದರು. ಶ್ರೀಕಂಠ ಮಾತ್ರ ಬ್ಯಾಟ್ ಎತ್ತಿದ ಭಂಗಿಯಲ್ಲೇ ನಿಂತಿದ್ದರು.

“ವಾಕ್ ಲಾ, ಅಂಕಲ್! ವಾಕ್!” ಎಂದು ಡೆಸ್ಮಂಡ್ ಕೂಗಿದ.

ಆಗ ಹೊರಟರು, ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು. ಬೇಸ್‌ಬಾಲ್‌ನವರು ಬ್ಯಾಟ್ ಬಿಸುಟು ಹೋಗುತ್ತಾರೆ. ಕ್ರಿಕೆಟಿನವರಿಗೆ ಅದು ಹೇಗೆ ಬಂದೀತು? ಇವರು ಬೇಸ್ ಮುಟ್ಟಿದರು, ಅತ್ತ ಮೂರನೇ ಬೇಸ್‌ನವನು ‘ಹೋಮ್’ ಎನ್ನುವ ಕೊನೆಯ ಬೇಸ್ ಸೇರಿದ. ಐದು–ನಾಲ್ಕು. ಕಪ್ ಓಟರ್ಸ್‌ಗೆ.

“ಏನು ಕಣ್ಣು! ಎರಡು ಬೆರಳಷ್ಟೇ ಹೊರಗಿತ್ತು! ಅದನ್ನ ಬಿಡೋಕೆ ಎಂಥಾ ಕಣ್ಣು ಬೇಕು!” ಎಂದು ಡೆಸ್ಮಂಡ್ ಇಂಗ್ಲಿಷಿನಲ್ಲಿ ಕಿರುಚುತ್ತಾ ಇವರನ್ನು ಎತ್ತಿಯೇಬಿಟ್ಟ. ನಲವತ್ತಮೂರು ವರ್ಷದವರು ಗಾಳಿಯಲ್ಲಿ ಕಾಲು ಬಡಿಯುತ್ತಿದ್ದರು.

ಅವರು ನೆಲಕ್ಕಿಳಿದದ್ದೇ ತಡ ನಾನು ಹೋಗಿ ಎಡಗಣ್ಣು ಮುಚ್ಚಿಸಿದೆ. “ಕಣ್ಣೊಳಗೆ ಮಿಂಚು ಕಾಣ್ತಿದೆಯಾ? ಆ ಬೋರ್ಡ್ ಓದಿ.”

“ನಾಯಿ ತರಬಾರದು. ಸೈಕಲ್ ಬಿಡಬಾರದು. ಡ್ರೋನ್ ಹಾರಿಸಬಾರದು. ಗೆದ್ದವನಿಗೆ ಹೆಂಡತಿ ಕಾಟ ಕೊಡಬಾರದು ಅಂತ ಮಾತ್ರ ಬರೆದಿಲ್ಲ.”

ಮೊದಲ ಮೂರು ಸಾಲು ಸರಿಯಾಗಿದ್ದವು. ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟೆ.

ನಮ್ಮ ಮನೆಯಿರುವ ಬುಕಿತ್ ಪಂಜಾಂಗ್‌ಗೆ ಮರಳುವ ಬಸ್ಸಿನಲ್ಲಿ ಇವರು ಅದ್ವಿಕಾಳ ಪಕ್ಕ ಮುಂದಿನ ಸೀಟಿನಲ್ಲಿದ್ದರು. ಬೆಂಗಳೂರಿನ ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದರು: “ಕೈಯಿಂದ ಬಿಡ್ತಿದ್ದ ಹಾಗೇ ಗೊತ್ತಾಯ್ತು ಕಣೋ, ಔಟ್‌ಸೈಡ್ ಹೋಗತ್ತೆ ಅಂತ.” ನಾನು ಹಿಂದೆ ಕುಳಿತು ಸದ್ದಿಲ್ಲದೆ ವಿಡಿಯೋ ನೋಡಿದೆ.

ಕೊನೆಯ ಎಸೆತ. ಎಸೆಯುವವನು ಕೈ ಎತ್ತುವ ಮೊದಲೇ ಶ್ರೀಕಂಠ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಸೂಜಿ ಚುಚ್ಚಿಸಿಕೊಳ್ಳುವ ಮಕ್ಕಳಂತೆ. ಚೆಂಡು ದಾಟಿ ಹೋಗಿ, ಎಲ್ಲರೂ ಕೂಗಿ, ಡೆಸ್ಮಂಡ್ ‘ವಾಕ್’ ಎಂದ ಮೇಲೆ ಒಂದೊಂದಾಗಿ ತೆರೆದರು.

ಮತ್ತೊಮ್ಮೆ ನೋಡಿದೆ. ನನಗೆ ನಗು ಬರಲಿಲ್ಲ, ಸಮಾಧಾನವಾಯಿತು. ಇಷ್ಟು ದಿನ ಆ ಕಣ್ಣಿನ ಭಯವನ್ನು ನಾನೊಬ್ಬಳೇ ಹೊತ್ತಿದ್ದೇನೆ, ಇವರಿಗೆ ಅದರ ಪರಿವೆಯೇ ಇಲ್ಲ ಎಂದುಕೊಂಡಿದ್ದೆ. ಇವರಿಗೂ ಭಯವಿತ್ತು. ಭಯವಿದ್ದೂ ಅಲ್ಲಿ ನಿಂತಿದ್ದರು, ಕಣ್ಣನ್ನು ಕಾಪಾಡಿಕೊಂಡು.

“ಅಮ್ಮಾ, ವಿಡಿಯೋ ಕಳ್ಸು. ಫ್ರೆಂಡ್ಸ್‌ಗೆ ತೋರಿಸ್ಬೇಕು,” ಎಂದು ಅದ್ವಿಕಾ ತಿರುಗಿದಳು.

“ಕೈ ನಡುಗ್ತು ಪುಟ್ಟಾ. ಕೊನೇ ಬಾಲ್ ಬರ್ಲೇ ಇಲ್ಲ.”

“ಅಯ್ಯೋ, ಏನಮ್ಮಾ ನೀನು!”

ಇವರೂ ತಿರುಗಿ ನನ್ನ ಮುಖ ನೋಡಿದರು, ಸ್ವಲ್ಪ ಹೆಚ್ಚು ಹೊತ್ತೇ. “ಹೋಗ್ಲಿ ಬಿಡು,” ಎಂದರು.

ವಿಡಿಯೋ ಅಳಿಸಿದೆ. ಮಗಳಿಗಾಗಲಿ, ಡೆಸ್ಮಂಡ್‌ಗಾಗಲಿ, ಈ ಮನುಷ್ಯನಿಗೇ ಆಗಲಿ, ನಾನು ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದೆ.