ತಳಕ್ಕಿಳಿದ ನೀಲಿ

ನೀಲಿ ಏರಿತು, ಮೊದಲ ಹನಿ ಬಿದ್ದ ಚಿಟಿಕೆ ಪುಡಿಯ ಸುತ್ತ ತೆಳುವಾಗಿ, ಆಮೇಲೆ ಮಾತೆ ಮರಿಯಳ ಸೆರಗಿನಷ್ಟು ಗಾಢವಾಗಿ — ಅಜ್ಜಿ ಜಪಮಾಲೆ ಹಿಡಿದು ಹಾಡಿದಂತೆ ಹೇಳುತ್ತಿದ್ದಳಲ್ಲ, ನಿನ್ನ ಸೆರಗಿನೊಳಗೆ ಇಟ್ಟುಕೋ ತಾಯೇ, ಆ ಸಾಲಿಗೆ ತಾನೂ ತಮ್ಮ ಆರ್ಲೆಯೂ ನಿದ್ದೆಗಣ್ಣಲ್ಲೇ ದನಿಗೂಡಿಸುತ್ತಿದ್ದದ್ದು — ನೂಬಿಯಾ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಮೆಡೆಯಿನ್ ನಗರದ ಮಧ್ಯಾಹ್ನ, ಹೊರಗೆ ಯಾರೋ ಉಪ್ಪು ನಿಂಬೆ ಹಚ್ಚಿದ ಮಾವಿನಕಾಯಿ ಕೂಗಿ ಮಾರುತ್ತಿದ್ದಾರೆ, ಹುಡುಗರು ತಂದ ಪುಡಿ ಏನೆಂದು ಪರೀಕ್ಷಿಸಿ ಹೇಳುವ ಅವಳ ಮೇಜಿನಾಚೆ, ಪೊಟ್ಟಣ ತಂದ ವಿಲ್ಮರ್ ಆಗಲೇ ನಗುತ್ತಿದ್ದಾನೆ. ನಾನ್ ಹೇಳ್ಲಿಲ್ವಾ ಅಕ್ಕಾ, ಒಸಡಿಗೆ ಉಜ್ಜಿದ್ದೇ ತಡ ಜುಂ ಅಂತು, ಅಸಲಿ ಮಾಲು, ನೀನು ಸುಮ್ನೆ ನೀರಾಟ ಆಡ್ತೀಯ. ಒಸಡಂತೆ — ಈ ಊರಿನ ಹುಡುಗರಿಗೆಲ್ಲ ಒಸಡೇ ಒರೆಗಲ್ಲು, ಹಲ್ಲು ಕೀಳುವಾಗ ಚುಚ್ಚುವ ಮದ್ದಿಗೂ ಒಸಡು ಮರಗಟ್ಟುತ್ತದೆ, ಅದನ್ನೇ ಬೆರೆಸಿ ಮಾರುತ್ತಾರೆ, ಮೊದಲ ಹನಿಯ ನೀಲಿಯೂ ಅಷ್ಟೇ, ನಂಬುವಂತಿಲ್ಲ, ಅದಕ್ಕೇ ಎರಡನೆಯ ಹನಿ, ಆಮ್ಲ, ನೀಲಿ ಹೋಗಿ ಗುಲಾಬಿ, ಆಮೇಲೆ ಮೂರನೆಯದು, ಭಾರದ ದ್ರವ, ಅದು ತಳಕ್ಕಿಳಿಯುವಾಗ ಮರೆಯಾದ ನೀಲಿಯನ್ನು ಮತ್ತೆ ಎಬ್ಬಿಸಿ ಸೆಳೆದುಕೊಂಡು ಹೋದರೆ ಕೊಕೇನ್, ಹೋಗದಿದ್ದರೆ ಬೇರೇನೋ — ಹೋಗದಿರಲಿ ತಾಯೇ, ಇದೊಂದು ಸಲ ನಕಲಿಯೇ ಆಗಿರಲಿ, ನಕಲಿ ಎಂದರೆ ಮಾರಿದವನಿಗೆ ಬೈದು ಬಿಸಾಡಿಯಾನು, ಅಸಲಿ ಎಂದರೆ,

ಅಸಲಿ ಎಂದರೆ ಆರ್ಲೆ. ಬೆರಕೆ ಏನೂ ಇರಲಿಲ್ಲ ಎಂದರು ಆಸ್ಪತ್ರೆಯವರು, ಶುದ್ಧ ಮಾಲು, ಮೇಲೆ ಸೋಂಪಿನ ಸಾರಾಯಿ, ಎರಡೂ ಸೇರಿ ಗುಂಡಿಗೆಯನ್ನು ಓಡಿಸಿ ಓಡಿಸಿ ನಿಲ್ಲಿಸಿಬಿಟ್ಟವು, ಕುಣಿಯುತ್ತಿದ್ದವನು ಮೂಲೆಯ ಕುರ್ಚಿಯಲ್ಲಿ ಕೂತ, ಸುಸ್ತಾಗಿದೆ ಅಂದುಕೊಂಡರು, ಈ ವಿಲ್ಮರನೂ ಅಲ್ಲೇ ಇದ್ದ, ಒಂದೇ ಶೆಡ್ಡಿನಲ್ಲಿ ಹಳ್ಳಿಯ ಮರದ ಬಸ್ಸುಗಳಿಗೆ ಬಣ್ಣ ಬಳಿಯುವ ಜೋಡಿ — ಅವಳು ಹೋಗಿ ನೋಡಿದಾಗ ತಮ್ಮನ ಉಗುರೆಲ್ಲ ನೀಲಿ, ಬಸ್ಸಿನ ಬಾಗಿಲಿನ ಬಣ್ಣ ಅಂದುಕೊಂಡಳು, ಕೊಳಕು ಕೈಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಬಾರದು ಎಂದು ಥಿನ್ನರಿನಲ್ಲಿ ಹತ್ತಿ ಅದ್ದಿ ಉಜ್ಜಿದಳು, ಉಜ್ಜಿದಳು, ಹತ್ತಿ ಬೆಳ್ಳಗೇ ಉಳಿಯಿತು, ಆಗ ತಿಳಿಯಿತು ಅದು ಬಣ್ಣವಲ್ಲ, ಸಾವಿನ ನೀಲಿ ಎಂದು — ಕೊಳವೆಯಲ್ಲಿ ನೀಲಿ ಇಳಿಯುತ್ತಿದೆ, ಇಳಿದು ತಳದಲ್ಲಿ ಕೂತಿತು. ಈ ಮೇಜಿಗೊಂದು ಕಟ್ಟಳೆ, ಬೇಡ ಅನ್ನುವಂತಿಲ್ಲ, ಅಂದರೆ ನಾಳೆ ಯಾರೂ ಪುಡಿ ತಂದು ತೋರಿಸುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಕೊಕೇನೇ, ಅಂದಳು. ಹಾಗಾದ್ರೆ ಇವತ್ತು ಭಯ ಇಲ್ಲ ಬಿಡು, ಅಂದ ವಿಲ್ಮರ್. ಆರ್ಲೆ ತಗೊಂಡದ್ದಕ್ಕೂ ಇದೇ ಬಣ್ಣ ಬರ್ತಿತ್ತು ಕಣೋ, ಅಂದಳು, ದನಿ ಏರಿಸದೆ. ಪೊಟ್ಟಣದ ಕಡೆ ಚಾಚಿದ ಅವನ ಕೈ ಅಲ್ಲೇ ನಿಂತಿತು, ಉಗುರುಗಳು ನೀಲಿ, ಅವಳು ಆ ಕೈಯನ್ನು ತನ್ನತ್ತ ಎಳೆದುಕೊಂಡಳು, ಕೊಳವೆಯ ಮೇಲಿನ ಚೀಟಿಯ ಅಂಟು ತೆಗೆಯುವ ಥಿನ್ನರ್ ಸೀಸೆಯನ್ನು ಹತ್ತಿಗೆ ಬಗ್ಗಿಸಿದಳು, ಏನಕ್ಕಾ ಇದು, ಸೋಮವಾರ ಮತ್ತೆ ಅದೇ ಬಣ್ಣ ಹತ್ತುತ್ತೆ — ಹತ್ಲಿ — ಪೊಟ್ಟಣ ಮೇಜಿನ ಮೇಲೇ ಇದೆ, ಅವನು ಕೈ ಬಿಡಿಸಿಕೊಳ್ಳಲಿಲ್ಲ, ಹೆಬ್ಬೆರಳು, ತೋರುಬೆರಳು, ಉಜ್ಜುತ್ತಾಳೆ, ಹತ್ತಿಗೆ ನೀಲಿ ಬಂತು, ಇನ್ನೊಂದು ಬೆರಳು, ಬಂತು, ಹತ್ತಿಯ ಮೇಲೆ ನೀಲಿ, ನೀಲಿ