ಒಂದೇ ಹಾವಿನ ಎರಡು ಕಡಿತ

ಕೇಣಿಯ ಕಡಲ ದಡದಲ್ಲಿ, ಊರವರೆಲ್ಲ ಸೇರಿ ಎಳೆಯುವ ರಂಪಣಿ ಬಲೆ ಎಳೆದು ಮುಗಿದಿತ್ತು. 2006ರ ಮಳೆಗಾಲ ಕಳೆದ ಮೇಲೆ ಬಿದ್ದ ಮೊದಲ ಒಳ್ಳೆಯ ಬಂಗಡೆ ಮೀನು. ಬಲೆಯ ಮಡಿಕೆಗೆ ಕೈ ಹಾಕಿದ ಜಟ್ಟು ಫಕ್ಕನೆ ಕೈ ಹಿಂದೆಳೆದ. ಮಣಿಕಟ್ಟಿಗೆ ಕಡಲ ಹಾವೊಂದು ಕಚ್ಚಿಕೊಂಡು ಜೋತಾಡುತ್ತಿತ್ತು. ಪಕ್ಕದಲ್ಲಿದ್ದ ಮಾಬ್ಲೇಶ್ವರ ಹಿಂದೆಮುಂದೆ ನೋಡದೆ ಅದನ್ನು ಹಿಡಿದು ಕಿತ್ತ. ಹಾವು ಹೊರಳಿ ಅವನ ಹೆಬ್ಬೆರಳಿನ ಬುಡಕ್ಕೂ ಬಾಯಿ ಹಾಕಿತು. ಅವನು ಕೊಡವಿದ ರಭಸಕ್ಕೆ ಮರಳ ಮೇಲೆ ಬಿದ್ದು, ಚಪ್ಪಟೆ ಬಾಲ ಬಡಿಯುತ್ತ ತೆರೆಯೊಳಗೆ ಹೋಯಿತು.

"ಯಂತಾ ಇಲ್ವೋ ಭಾವ, ಮುಳ್ಳು ಚುಚ್ಚಿದಷ್ಟೂ ನೋವಿಲ್ಲ," ಎಂದು ಜಟ್ಟು ನಕ್ಕ.

ಜಟ್ಟು ಮಾಬ್ಲೇಶ್ವರನ ತಂಗಿ ದುರ್ಗಿಯ ಗಂಡ. ಮಾಬ್ಲೇಶ್ವರನಿಗೆ ನಗು ಬರಲಿಲ್ಲ. ಅವನ ಸೋದರಮಾವ ಹುಲಿಯಾನಿಗೂ ಹೀಗೇ ಕಚ್ಚಿತ್ತು. ನೋವಿಲ್ಲ ಎಂದು ಮನೆಗೆ ಹೋಗಿ ಗಂಜಿ ಉಂಡಿದ್ದ. ಸಂಜೆ ಹೊತ್ತಿಗೆ ಬಾಯಿ ತೆರೆಯಲು ಬರಲಿಲ್ಲ. ಆಮೇಲೆ ಅವನು ಉಳಿಯಲಿಲ್ಲ.

"ಮಾಮಂಗೂ ನೋವಿರ್ಲಿಲ್ಲ. ರಿಕ್ಷಾ ಹತ್ತು."

ಅಂಕೋಲೆಯ ಆಸ್ಪತ್ರೆಯವರು ಇಬ್ಬರನ್ನೂ ಆಂಬುಲೆನ್ಸಿನಲ್ಲಿ ಕಾರವಾರಕ್ಕೆ ಕಳಿಸಿದರು. ಮೀನಿನ ಬುಟ್ಟಿ ಬಿಟ್ಟು ಓಡಿಬಂದ ದುರ್ಗಿ ಇಬ್ಬರ ನಡುವೆ ಕೂತಳು. ಒಮ್ಮೆ ಗಂಡನ ಮುಖ, ಒಮ್ಮೆ ಅಣ್ಣನ ಮುಖ ನೋಡುತ್ತಿದ್ದಳು. ಬಿಣಗಾ ಘಟ್ಟದ ತಿರುವುಗಳಲ್ಲಿ ಮಾಬ್ಲೇಶ್ವರ ಬಾಯಿ ತೆರೆದು ಮುಚ್ಚಿ ನೋಡಿಕೊಂಡ. ನಾಲಗೆ ದಪ್ಪಗಾಯಿತೇ? ಕುತ್ತಿಗೆ ಹಿಡಿಯಿತೇ? ಬೆಳಿಗ್ಗೆಯಿಂದ ಹಗ್ಗ ಎಳೆದ ಮೈ. ಎಲ್ಲಿ ಮುಟ್ಟಿದರೂ ನೋಯುತ್ತಿತ್ತು. ಯಾವ ನೋವು ಹಗ್ಗದ್ದು, ಯಾವುದು ಹಾವಿನದು ಎಂದು ಹೇಗೆ ತಿಳಿಯಬೇಕು?

ಕಾರವಾರದಲ್ಲಿ ಅಕ್ಕಪಕ್ಕದ ಮಂಚ ಕೊಟ್ಟರು. ಡಾಕ್ಟರ್ ನಮಿತಾ ಗಾಯ ನೋಡಿದರು. ಸಣ್ಣ ಚುಕ್ಕೆಗಳಷ್ಟೇ.

"ನಮ್ಮಲ್ಲಿರುವ ಇಂಜೆಕ್ಷನ್ ನೆಲದ ಹಾವಿಂದು. ಇದಕ್ಕೆ ಆಗೂದಿಲ್ಲ," ಎಂದರು ಅವರು. "ಆದರೆ ಕಚ್ಚಿದ ಮಾತ್ರಕ್ಕೆ ವಿಷ ಹೋಗಿದೆ ಅಂತಲೂ ಅಲ್ಲ. ನಮ್ಮ ಜೊಲ್ಲಿನ ಗ್ರಂಥಿ ಇರ್ತದಲ್ಲ, ಹಾವಿನಲ್ಲಿ ಅಂಥದ್ದೇ ಒಂದು ಗ್ರಂಥಿ ವಿಷ ಮಾಡ್ತದೆ. ಸ್ನಾಯು ಹಿಂಡಿದರೆ ಮಾತ್ರ ಅದು ಹಲ್ಲಿಗೆ ಇಳಿಯೂದು. ಮೀನು ಹಿಡಿಯುವಾಗ ಹಿಂಡ್ತದೆ. ತಪ್ಪಿಸಿಕೊಳ್ಳಲಿಕ್ಕೆ ಕಚ್ಚುವಾಗ ಎಷ್ಟೋ ಸಲ ಹಿಂಡೂದೇ ಇಲ್ಲ. ಖಾಲಿಯಾದರೆ ಮತ್ತೆ ತುಂಬಲಿಕ್ಕೆ ಅದಕ್ಕೂ ದಿನಗಟ್ಟಲೆ ಬೇಕು."

"ಮೊದ್ಲು ಕಚ್ಚಿದ್ದು ಇಂವಂಗೆ," ಎಂದ ಮಾಬ್ಲೇಶ್ವರ. "ಹಂಗಾರೆ ಖಾಲಿಯಾಗಿ..."

"ಹೇಳ್ಲಿಕ್ಕಾಗೂದಿಲ್ಲ. ಇಬ್ಬರಿಗೂ ಹೋಗಿರಬಹುದು, ಯಾರಿಗೂ ಹೋಗದೆ ಇರಬಹುದು. ಕಾದು ನೋಡ್ಬೇಕು."

ಕಾಯುವುದೇ ಆಗಲಿಲ್ಲ ಮಾಬ್ಲೇಶ್ವರನಿಗೆ. ಮಲಗಿದ, ಎದ್ದ, ಕಿಟಕಿಗೆ ಹೋದ, ನರ್ಸ್ ಗದರಿದ ಮೇಲೆ ಬಂದು ಮತ್ತೆ ಮಲಗಿದ. ತಲೆಯಲ್ಲಿ ಒಂದೇ ಮಾತು ಗಿರಗಿರ ಸುತ್ತುತ್ತಿತ್ತು: ಎಲ್ಲಾ ಅವನಿಗೇ ಹೋಗಿರಲಿ. ಥೂ, ತಂಗಿಯ ಗಂಡ! ಬೇರೆ ಏನನ್ನಾದರೂ ನೆನೆಯಲು ನೋಡಿದ. ಆದರೂ ಜಟ್ಟು ಮಗ್ಗುಲಾದಾಗಲೆಲ್ಲ ಕಣ್ಣು ಅತ್ತಲೇ ಹೋಗುತ್ತಿತ್ತು. ಅವನು ಕುತ್ತಿಗೆ ಉಜ್ಜಿಕೊಂಡರೆ ಇವನ ಎದೆ ಹಗುರಾಗುತ್ತಿತ್ತು, ಮರುಕ್ಷಣ ಗೋಡೆಗೆ ಮುಖ ತಿರುಗಿಸುತ್ತಿದ್ದ.

ಮಧ್ಯಾಹ್ನದ ಊಟ ಬಂತು. ಜಟ್ಟು ತುತ್ತು ಬಾಯಿಗಿಟ್ಟು ಅಗಿಯಲಾಗದೆ ಕೂತ.

"ದವಡೆ ಹಿಡ್ಕಂಡದೆ," ಎಂದ ಮೆಲ್ಲಗೆ.

ದುರ್ಗಿ ಕಿರುಚಿಕೊಂಡು ನರ್ಸನ್ನು ಕರೆಯಲು ಓಡಿದಳು. ಮುಂದಿನದೆಲ್ಲ ಬೇಗಬೇಗ ಆಯಿತು. ಜಟ್ಟುವಿನ ತೊಡೆ, ಬೆನ್ನು ಮರಗಟ್ಟಿದವು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ವಿಷ ಸ್ನಾಯುಗಳನ್ನು ತಿನ್ನುತ್ತಿದೆ, ಅದರ ಹೊಲಸು ಕಿಡ್ನಿಯನ್ನು ಕಟ್ಟುತ್ತದೆ, ಡಯಾಲಿಸಿಸ್ಸಿಗೆ ಗೋವಾಕ್ಕೆ ಹೋಗಬೇಕು ಎಂದರು ಡಾಕ್ಟರ್.

ಸ್ಟ್ರೆಚರ್ ಹೊರಡುವಾಗ ಮಾಬ್ಲೇಶ್ವರ ಬೆನ್ನು ಹತ್ತಿದ. "ನೀವು ನಾಳೆವರೆಗೆ ಇಲ್ಲೇ ಇರ್ಬೇಕು," ಎಂದು ನರ್ಸ್ ತಡೆದಳು. ಆಂಬುಲೆನ್ಸಿನ ಬಾಗಿಲಲ್ಲಿ ದುರ್ಗಿ ತಿರುಗಿ, "ಅಣ್ಣಾ, ನಿಂಗೆ ಹೆಂಗಾಗ್ತದೆ?" ಎಂದಳು.

"ನಂಗೆ ಯಂತದೂ ಇಲ್ವೇ," ಎಂದ. ಆ ಮಾತು ಹೇಳಲು ಅವನಿಗೆ ನಾಚಿಕೆಯಾಯಿತು.

ಅವನಿಗೆ ಕೊನೆಗೂ ಏನೂ ಆಗಲಿಲ್ಲ. ಮರುದಿನ ಆಸ್ಪತ್ರೆಯವರು ಬಿಟ್ಟ ಕೂಡಲೇ, ಕರೆದೊಯ್ಯಲು ಬಂದ ಹೆಂಡತಿ ಸುಮಲತಾಳನ್ನು ಊರ ಬಸ್ಸಿಗೆ ಹತ್ತಿಸಿ, ತಾನು ಗೋವಾದ ಬಸ್ಸು ಹಿಡಿದ. ಅಲ್ಲಿ ಜಟ್ಟು ಯಾರ ಗುರುತೂ ಹಿಡಿಯದೆ ಮಲಗಿದ್ದ. ಮಾಬ್ಲೇಶ್ವರ ರಕ್ತ ಕೊಟ್ಟ, ಔಷಧಿ ತಂದ, ರಾತ್ರಿ ವರಾಂಡದಲ್ಲಿ ಬಿದ್ದುಕೊಂಡ. ಒಂದು ದಿನವೂ ಊರಿಗೆ ಹೋಗಲಿಲ್ಲ.

ದೀಪಾವಳಿಯ ಹೊತ್ತಿಗೆ ಮೂತ್ರ ತಿಳಿಯಾಯಿತು. ಜಟ್ಟು ದಿಂಬಿಗೆ ಒರಗಿ ಕೂರುವಷ್ಟಾದ. ದುರ್ಗಿ ಮೋಸಂಬಿ ಸುಲಿಯುತ್ತಿದ್ದಳು.

"ಭಾವ, ಒಂದ್ಮಾತು ಹೇಳ್ತೆ, ಸಿಟ್ಟಾಗ್ಬೇಡ," ಎಂದ ಜಟ್ಟು. "ಆ ದಿನ ಮಂಚದ ಮೇಲೆ ಬಿದ್ಕಂಡು, ನಂಗೆ ಬರೀ ಹಲ್ಲು ತಾಗಿರ್ಲಿ, ಇಷ ಎಲ್ಲಾ ನಿಂಗೇ ಹೋಗಿರ್ಲಿ ಅಂತ ಬೇಡ್ಕಂತಿದ್ದೆ."

"ನಾನೂ ಅದೇ ಬೇಡ್ಕಂತಿದ್ದೆ ಮಾರಾಯ," ಎಂದ ಮಾಬ್ಲೇಶ್ವರ.

ದುರ್ಗಿಯ ಕೈ ನಿಂತಿತು. "ಚಲೋ ಇದ್ರಿ ಇಬ್ರೂ!" ಎಂದಳು. "ನಾನು ಯಾರ ಹೆಸ್ರು ಹೇಳಿ ದೇವ್ರಿಗೆ ಕೈ ಮುಗಿಯೂದು ಅಂತ ತಿಳೀದೆ ಸಾಯ್ತಿದ್ದೆ."

ಜಟ್ಟುವಿಗೆ ನಗು ಬಂತು. ನಕ್ಕರೆ ಪಕ್ಕೆ ನೋಯುತ್ತಿತ್ತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕ. ಮಾಬ್ಲೇಶ್ವರ ಮಂಚದ ಅಂಚಿನಲ್ಲಿ ಕೂತು, ಹಾವು ಕಚ್ಚಿದ ದಿನದಿಂದ ಮೊದಲ ಬಾರಿಗೆ, ಎದ್ದು ಓಡಾಡಬೇಕೆನಿಸದೆ ಸುಮ್ಮನಿದ್ದ.